ಸತ್ಯವೇದ ಅಧ್ಯಯನದ ತಂತ್ರಾಂಶ: ಹಣ ಕೊಡುವುದು ಯಾವುದಕ್ಕೆ?

ಭಾನುವಾರದ ಪ್ರಸಂಗ ಸಿದ್ಧಪಡಿಸುವವರು, ಮನೆಕೂಟಗಳಲ್ಲಿ ಸತ್ಯವೇದದ ಪಾಠ ಮಾಡುವವರು, ಸಂಡೇ ಸ್ಕೂಲಿನ ಶಿಕ್ಷಕರು ಒಂದೆಡೆ ಸೇರಿದಾಗ ಇತ್ತೀಚೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಅಧ್ಯಯನಕ್ಕೆ ಉಚಿತವಾಗಿ ಸಿಗುವ ತಂತ್ರಾಂಶ ಸಾಕೇ, ಅಥವಾ ಹಣ ಕೊಟ್ಟು ಲೋಗೋಸ್‌ನಂಥದ್ದನ್ನು ಕೊಳ್ಳಲೇಬೇಕೇ? ಎರಡೂ ಬಗೆಯವನ್ನು ಹಲವು ವರ್ಷಗಳಿಂದ ಬಳಸುತ್ತಿರುವ ನನಗೆ ಈ ಪ್ರಶ್ನೆ ಕೇಳುವ ರೀತಿಯನ್ನೇ ಸ್ವಲ್ಪ ಬದಲಿಸಿಕೊಳ್ಳಬೇಕೆಂದು ತೋರುತ್ತದೆ. ತಂತ್ರಾಂಶ ಎಂಬುದು ಪುಸ್ತಕಗಳನ್ನು ಜೋಡಿಸಿಟ್ಟಿರುವ ಕಪಾಟು ಮಾತ್ರ. ಕಪಾಟು ಬಹುತೇಕ ಎಲ್ಲ ಕಡೆಯೂ ಉಚಿತವಾಗಿಯೇ ಸಿಗುತ್ತದೆ. ಲೋಗೋಸ್ ಕೂಡ ತನ್ನ ಮೂಲ ಆ್ಯಪನ್ನು ಕೆಲವು ಪುಸ್ತಕಗಳೊಂದಿಗೆ ಉಚಿತವಾಗಿಯೇ ಕೊಡುತ್ತದೆ. ನಾವು ತೆರುವ ಹಣದ ಬಹುಪಾಲು ಹೋಗುವುದು ಅದರೊಳಗಿನ, ಇನ್ನೂ ಹಕ್ಕುಸ್ವಾಮ್ಯ ಮುಗಿಯದ ಪುಸ್ತಕಗಳಿಗೆ. ಆದ್ದರಿಂದ ಯಾವ ತಂತ್ರಾಂಶ ಎಂದು ಯೋಚಿಸುವ ಮೊದಲು ಯಾವ ಪುಸ್ತಕ ಎಂದು ಯೋಚಿಸಬೇಕು.

ಉಚಿತವಾಗಿ ಸಿಗುವವುಗಳ ಪಟ್ಟಿ ಸಣ್ಣದಲ್ಲ. ವಿಂಡೋಸ್ ಕಂಪ್ಯೂಟರಿಗೆ ರಿಕ್ ಮೇಯರ್ಸ್ 2000ದಲ್ಲಿ ಹೊರತಂದ ಇ-ಸ್ವೋರ್ಡ್ ಇದೆ, ಗ್ರೀಸ್ ದೇಶದ ಕೋಸ್ಟಾಸ್ ಸ್ಟೆರ್ಗಿಯು ರೂಪಿಸಿದ ದಿ ವರ್ಡ್ ಇದೆ. ಆಂಡ್ರಾಯ್ಡ್ ಫೋನಿಗೆ ಮೈಸ್ವೋರ್ಡ್ ಮತ್ತು ಆ್ಯಂಡ್‌ಬೈಬಲ್ ಇವೆ. ಜಾಲತಾಣಗಳಲ್ಲಿ ಬ್ಲೂ ಲೆಟರ್ ಬೈಬಲ್ ಮತ್ತು ಕೇಂಬ್ರಿಜಿನ ಟಿಂಡೇಲ್ ಹೌಸ್ ಸಂಶೋಧನಾ ಸಂಸ್ಥೆಯವರ ಸ್ಟೆಪ್ ಬೈಬಲ್ ಇವೆ. ಇವೆಲ್ಲವುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಒಂದೇ ಗುಂಪಿನ ಪುಸ್ತಕಗಳು: ಇಂಗ್ಲಿಷಿನ ಕಿಂಗ್ ಜೇಮ್ಸ್ ಅನುವಾದ, 1890ರ ಸ್ಟ್ರಾಂಗ್ ಪದಸೂಚಿ (ಮೂಲಭಾಷೆಯ ಪ್ರತಿ ಪದಕ್ಕೂ ಒಂದು ಸಂಖ್ಯೆ ಕೊಟ್ಟಿರುವ ಪಟ್ಟಿ), 1880ರ ದಶಕದ ಥೇಯರ್ ಗ್ರೀಕ್ ನಿಘಂಟು, 1906ರ ಬ್ರೌನ್-ಡ್ರೈವರ್-ಬ್ರಿಗ್ಸ್ ಹೀಬ್ರೂ ನಿಘಂಟು, ಮ್ಯಾಥ್ಯೂ ಹೆನ್ರಿಯ ವ್ಯಾಖ್ಯಾನ. ಇವು ಉಚಿತವಾಗಿರುವುದಕ್ಕೆ ಕಾರಣ ಇವುಗಳ ಹಕ್ಕುಸ್ವಾಮ್ಯದ ಅವಧಿ ತೀರಿರುವುದು. ಯಾರು ಬೇಕಾದರೂ ಇವನ್ನು ಹಂಚಬಹುದು, ಯಾರ ಅನುಮತಿಯೂ ಬೇಡ. (ಯೂವರ್ಷನ್ ಆ್ಯಪನ್ನು ನಾನು ಈ ಸಾಲಿಗೆ ಸೇರಿಸುತ್ತಿಲ್ಲ. ದಿನದ ಓದಿಗೂ ಕೇಳುವುದಕ್ಕೂ ಅದು ಬಹಳ ಒಳ್ಳೆಯದು, ಕನ್ನಡದ ಹಲವು ಅನುವಾದಗಳೂ ಅದರಲ್ಲಿವೆ. ಆದರೆ ಅದನ್ನು ಮೂಲಭಾಷೆಯ ಅಧ್ಯಯನಕ್ಕೆಂದು ಕಟ್ಟಿಲ್ಲ.)

ಈ ಉಚಿತ ಸಾಮಗ್ರಿಯಿಂದ ಏನು ಸಾಧ್ಯ ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರೂತಳ ಪುಸ್ತಕದಿಂದ ಪ್ರಸಂಗ ಮಾಡಬೇಕಾಗಿದೆ ಎನ್ನಿ. ಸ್ಟೆಪ್ ಬೈಬಲ್‌ನಲ್ಲಿ ಇಂಗ್ಲಿಷ್ ಪಾಠವನ್ನು ತೆರೆದು, ಮೊದಲ ಅಧ್ಯಾಯದ 8ನೆಯ ವಚನದಲ್ಲಿ ನೊವೊಮಿ ತನ್ನ ಇಬ್ಬರು ಸೊಸೆಯಂದಿರನ್ನು ಹರಸುವ ಮಾತಿನಲ್ಲಿ ದಯೆ ಎಂಬರ್ಥದ ಪದವನ್ನು ಒತ್ತಿದರೆ, ಪಕ್ಕದಲ್ಲಿ ಹೀಬ್ರೂ ಮೂಲಪದ 'ಹೆಸೆದ್' ತೆರೆದುಕೊಳ್ಳುತ್ತದೆ. ಸ್ಟ್ರಾಂಗ್ ಪದಸೂಚಿಯಲ್ಲಿ ಅದರ ಸಂಖ್ಯೆ 2617. ಆ ಪದ ಬಂದಿರುವ ಕಡೆಗಳನ್ನೆಲ್ಲ ಹುಡುಕಲು ಹೇಳಿದರೆ ಹಳೆಯ ಒಡಂಬಡಿಕೆಯಲ್ಲಿ ಸುಮಾರು 250 ಕಡೆ ತೋರಿಸುತ್ತದೆ. ಅವುಗಳಲ್ಲಿ ರೂತಳ ಪುಸ್ತಕದವು ಮೂರು. ಮೊದಲನೆಯದರಲ್ಲಿ ನೊವೊಮಿ ಸೊಸೆಯಂದಿರಿಗೆ ಯೆಹೋವನ ದಯೆಯನ್ನು ಕೋರುತ್ತಾಳೆ. ಎರಡನೆಯ ಅಧ್ಯಾಯದ 20ನೆಯ ವಚನದಲ್ಲಿ ಅದೇ ನೊವೊಮಿ, ಬೋವಜನ ಹೊಲದ ಸುದ್ದಿ ಕೇಳಿ, ಬದುಕಿರುವವರಿಗೂ ಸತ್ತವರಿಗೂ ದಯೆ ತಪ್ಪಲಿಲ್ಲವೆಂದು ಸ್ತುತಿಸುತ್ತಾಳೆ. ಮೂರನೆಯ ಅಧ್ಯಾಯದ 10ನೆಯ ವಚನದಲ್ಲಿ ಬೋವಜನು ರೂತಳಿಗೆ, ನಿನ್ನ ಈ ದಯೆ ಮೊದಲಿನದಕ್ಕಿಂತ ದೊಡ್ಡದು ಎನ್ನುತ್ತಾನೆ. ದೇವರಿಂದ ಬರಲೆಂದು ಬೇಡಿದ್ದು ಕೊನೆಗೆ ಒಬ್ಬ ಪರದೇಶಿ ಹೆಂಗಸಿನ ನಡತೆಯಲ್ಲೇ ಕಾಣಿಸಿಕೊಳ್ಳುವ ಈ ಹಾದಿಯನ್ನು ಪುಸ್ತಕವನ್ನು ತಾಳ್ಮೆಯಿಂದ ಓದುವವರು ತಾವಾಗಿಯೇ ಕಂಡುಕೊಳ್ಳಬಹುದು. ಆದರೆ ಸಂಜೆ ಕೆಲಸದಿಂದ ಮನೆಗೆ ಬಂದು ಪಾಠ ಸಿದ್ಧಪಡಿಸುವವರಿಗೆ ಅರ್ಧ ನಿಮಿಷದಲ್ಲಿ ಮೂರು ವಚನಗಳು ಸಾಲಾಗಿ ಕಣ್ಣೆದುರು ನಿಲ್ಲುವುದು ದೊಡ್ಡ ಉಪಕಾರ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ಪ್ರಸಂಗಿಗಳಿಗೆ ವಾರದಿಂದ ವಾರಕ್ಕೆ ಬೇಕಾಗುವ ಕೆಲಸದಲ್ಲಿ ಮುಕ್ಕಾಲು ಪಾಲು ಇಂಥದ್ದೇ.

ಉಳಿದ ಕಾಲು ಪಾಲಿನಲ್ಲಿ ಉಚಿತ ಸಾಮಗ್ರಿಯ ಮಿತಿ ಎದುರಾಗುತ್ತದೆ, ಮತ್ತು ಅದು ಗಂಭೀರವಾದ ಮಿತಿ. ಬ್ರೌನ್-ಡ್ರೈವರ್-ಬ್ರಿಗ್ಸ್ ನಿಘಂಟು ಅಚ್ಚಾದದ್ದು 1906ರಲ್ಲಿ. ಸಿರಿಯಾದ ರಾಸ್ ಶಮ್ರಾದಲ್ಲಿ ಪ್ರಾಚೀನ ಉಗಾರಿತ್ ನಗರದ ಉತ್ಖನನ ಆರಂಭವಾದದ್ದು 1929ರಲ್ಲಿ. ಹೀಬ್ರೂವಿಗೆ ತೀರ ಹತ್ತಿರದ ನೆಂಟಭಾಷೆಯೊಂದು ಅಲ್ಲಿನ ಮಣ್ಣಿನ ಹಲಗೆಗಳಲ್ಲಿ ದೊರೆತು, ಹಳೆಯ ಒಡಂಬಡಿಕೆಯ ಕಾವ್ಯಭಾಗದ ಎಷ್ಟೋ ಕ್ಲಿಷ್ಟ ಪದಗಳ ಚರ್ಚೆಯ ದಿಕ್ಕು ಬದಲಾಯಿತು. ಪ್ರಾಚೀನ ಹಸ್ತಪ್ರತಿಗಳಾದ ಮೃತಸಮುದ್ರದ ಸುರುಳಿಗಳು ಬೆಳಕಿಗೆ ಬರತೊಡಗಿದ್ದು 1947ರಲ್ಲಿ. ಇವೆರಡರ ಸುಳಿವೂ 1906ರ ನಿಘಂಟಿನಲ್ಲಿ ಇರಲು ಸಾಧ್ಯವಿಲ್ಲ. ಗ್ರೀಕ್ ಭಾಷೆಯ ಕಥೆಯೂ ಹೀಗೆಯೇ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್ ಅಗೆತ ಶುರುಮಾಡಿದ್ದು 1896ರ ಚಳಿಗಾಲದಲ್ಲಿ. ಅಲ್ಲಿಯೂ ಬೇರೆಡೆಯೂ ಸಿಕ್ಕ ಪಪೈರಸ್ ಕಾಗದಗಳಲ್ಲಿ ಸಾಮಾನ್ಯ ಜನರ ಪತ್ರ, ರಸೀದಿ, ಕರಾರುಗಳಿದ್ದವು. ಹೊಸ ಒಡಂಬಡಿಕೆಯ ಗ್ರೀಕ್ ಅಂದಿನ ಬೀದಿಯ, ಮನೆಯ, ವ್ಯಾಪಾರದ ಭಾಷೆಗೆ ಎಷ್ಟು ಹತ್ತಿರವೆಂದು ವಿದ್ವಾಂಸರಿಗೆ ಮನದಟ್ಟಾದದ್ದು ಅವುಗಳಿಂದ. ಥೇಯರ್ ನಿಘಂಟು ಅದಕ್ಕೂ ಮೊದಲೇ ಮುಗಿದಿತ್ತು.

ಹಳೆಯದು ಎಂಬ ಕಾರಣಕ್ಕೆ ಒಂದು ನಿಘಂಟನ್ನು ಬದಿಗೆ ಸರಿಸಬೇಕೆಂದು ನಾನು ಹೇಳುತ್ತಿಲ್ಲ. 1894ರ ಕಿಟೆಲ್ ನಿಘಂಟನ್ನು ಕನ್ನಡಿಗರು ಇಂದಿಗೂ ಗೌರವದಿಂದ ತೆರೆಯುತ್ತಾರೆ, ಆದರೂ ಅದಾದ ಮೇಲೆ ಸಾಹಿತ್ಯ ಪರಿಷತ್ತಿನ ನಿಘಂಟು ಬೇಕಾಯಿತು. ಹಾಗೆಯೇ ಗ್ರೀಕಿಗೆ 2000ದಲ್ಲಿ ಬಂದ, ವಿದ್ಯಾರ್ಥಿಗಳು ಬಿಡ್ಯಾಗ್ ಎಂದು ಕರೆಯುವ ನಿಘಂಟು, ಹೀಬ್ರೂವಿಗೆ ಹ್ಯಾಲೊಟ್ ಎಂಬ ಹಲವು ಸಂಪುಟಗಳ ನಿಘಂಟು ಇವೆ. ಇವೆರಡೂ ಹಕ್ಕುಸ್ವಾಮ್ಯದಡಿ ಇರುವ ಕೃತಿಗಳು, ನ್ಯಾಯವಾಗಿ ಎಲ್ಲಿಯೂ ಉಚಿತವಾಗಿ ಸಿಗುವುದಿಲ್ಲ. ಸ್ಟ್ರಾಂಗ್ ಪದಸೂಚಿಯ ಕೊನೆಯಲ್ಲಿರುವ ಕಿರುನಿಘಂಟು ಒಂದು ಪದಕ್ಕೆ ಐದಾರು ಅರ್ಥಗಳನ್ನು ಸಾಲಾಗಿ ಕೊಟ್ಟು ಸುಮ್ಮನಾಗುತ್ತದೆ. ಆ ಐದರಲ್ಲಿ ತನ್ನ ಪ್ರಸಂಗಕ್ಕೆ ಒಪ್ಪುವುದನ್ನು ಆರಿಸಿಕೊಂಡು, ಮೂಲಭಾಷೆಯಲ್ಲಿ ಇದರ ನಿಜವಾದ ಅರ್ಥ ಹೀಗಿದೆ ಎಂದು ವೇದಿಕೆಯಿಂದ ಹೇಳುವವರನ್ನು ನಾವೆಲ್ಲ ಕೇಳಿದ್ದೇವೆ. ಬಿಡ್ಯಾಗ್ ಮಾಡುವ ಕೆಲಸ ಬೇರೆ. ಅದು ಅರ್ಥಗಳನ್ನು ಸಂದರ್ಭಕ್ಕೆ ತಕ್ಕಂತೆ ವಿಂಗಡಿಸಿ, ಯಾವ ವಚನದಲ್ಲಿ ಯಾವ ಅರ್ಥ ಸಲ್ಲುತ್ತದೆಂದು ಹೆಸರಿಸಿ, ಹೊರಗಿನ ಗ್ರಂಥಗಳಿಂದ ಆಧಾರ ಕೊಡುತ್ತದೆ. ಹಣ ಕೊಡಲು ನನ್ನ ಲೆಕ್ಕದಲ್ಲಿ ಮೊದಲ ನ್ಯಾಯವಾದ ಕಾರಣ ಇದು. ಆದರೆ ಇದರ ಪ್ರಯೋಜನ ಪಡೆಯಲು ಗ್ರೀಕ್ ಅಕ್ಷರಗಳನ್ನಾದರೂ ತಡವರಿಸದೆ ಓದಬಲ್ಲವರಾಗಿರಬೇಕು.

ಮೂಲಪಾಠದ ಮಟ್ಟಿಗೆ ಈಗ ಹಣದ ತಡೆ ಅಷ್ಟಾಗಿ ಇಲ್ಲ. 2010ರಲ್ಲಿ ಬಂದ ಎಸ್‌ಬಿಎಲ್ (ಸೊಸೈಟಿ ಆಫ್ ಬಿಬ್ಲಿಕಲ್ ಲಿಟರೇಚರ್) ಗ್ರೀಕ್ ಹೊಸ ಒಡಂಬಡಿಕೆ ಉಚಿತ. ಟಿಂಡೇಲ್ ಹೌಸ್‌ನವರ 2017ರ ಆವೃತ್ತಿಯನ್ನು ಸ್ಟೆಪ್‌ನಲ್ಲೇ ಓದಬಹುದು. ಹಸ್ತಪ್ರತಿಗಳ ಪಾಠಾಂತರಗಳನ್ನು ಕೊಡುವ ನೆಸ್ಲೆ-ಆಲಂಡ್ ಆವೃತ್ತಿಯ ಅಡಿಟಿಪ್ಪಣಿಗಳು ಬೇಕೆಂದರೆ ಮಾತ್ರ ಕೊಳ್ಳಬೇಕು. ಇಂಗ್ಲಿಷ್ ಓದಬಲ್ಲವರಿಗೆ ನೆಟ್ ಬೈಬಲ್ ಎಂಬ ಇಂಗ್ಲಿಷ್ ಅನುವಾದದ 60,000ಕ್ಕೂ ಹೆಚ್ಚು ಅನುವಾದಕರ ಟಿಪ್ಪಣಿಗಳು ಜಾಲತಾಣದಲ್ಲಿ ಉಚಿತವಾಗಿ ತೆರೆದಿವೆ. ಒಂದು ವಚನವನ್ನು ಹೀಗೇಕೆ ಅನುವಾದಿಸಿದೆವು, ಬೇರೆ ಸಾಧ್ಯತೆಗಳು ಯಾವುವು ಎಂದು ಅವು ವಿವರಿಸುತ್ತವೆ. ದುಡ್ಡು ಕೊಡದೆ ಸಿಗುವ ಆಧುನಿಕ ವಿದ್ವತ್ತಿನಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಇದೇ, ಆದರೂ ನಮ್ಮಲ್ಲಿ ಇದರ ಬಗ್ಗೆ ಮಾತು ಕಡಿಮೆ.

ಇನ್ನು ಕನ್ನಡದ ವಿಷಯ. ಇಲ್ಲಿ ಉಚಿತ, ಪಾವತಿ ಎಂಬ ಭೇದ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಏಕೆಂದರೆ ಎರಡೂ ಕಡೆ ಕೊರತೆ ಒಂದೇ. ನಾನು ಬಳಸಿರುವ ಯಾವ ತಂತ್ರಾಂಶದಲ್ಲೂ ಕನ್ನಡ ಪಾಠದ ಪದಗಳಿಗೆ ಸ್ಟ್ರಾಂಗ್ ಸಂಖ್ಯೆಗಳನ್ನು ಜೋಡಿಸಿಲ್ಲ. ಕನ್ನಡದ ಪದವನ್ನು ಒತ್ತಿ ನೇರವಾಗಿ ಹೀಬ್ರೂವಿಗೆ ಹೋಗಲಾಗದು; ಇಂಗ್ಲಿಷಿನ ಮೂಲಕವೇ ಹಾದುಹೋಗಬೇಕು. ಹಾಗಾಗಿ ಪರದೆಯನ್ನು ಎರಡು ಕಂಬಗಳಾಗಿ ಮಾಡಿಕೊಂಡು ಎಡಕ್ಕೆ ಕನ್ನಡ, ಬಲಕ್ಕೆ ಸಂಖ್ಯೆಗಳಿರುವ ಇಂಗ್ಲಿಷ್ ಇಟ್ಟುಕೊಂಡು ಓದುವುದು ನನ್ನ ರೂಢಿ. ಸಾವಿರಾರು ಡಾಲರ್ ಕೊಟ್ಟು ಕೊಂಡ ಗ್ರಂಥಸಂಗ್ರಹದಲ್ಲಿಯೂ ಕನ್ನಡ ಓದುಗರ ಪಾಡು ಇದೇ. ಅಲ್ಲಿರುವ ವ್ಯಾಖ್ಯಾನಗಳು ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷಿನವು. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಸಾರುವ ಒಬ್ಬ ಸಭಾಪಾಲಕರಿಗೆ ಅಂಥ ಸಂಗ್ರಹದಿಂದ ಆಗುವ ಲಾಭ ಅದರ ಬೆಲೆಗೆ ಯಾವ ರೀತಿಯಲ್ಲೂ ಸಮನಾಗಲಾರದು.

ಕನ್ನಡದಲ್ಲಿ ಹುಡುಕುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ತಂತ್ರಾಂಶಗಳ ಹುಡುಕಾಟದ ವ್ಯವಸ್ಥೆ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡದ್ದು. ಇಡೀ ಪದವನ್ನು ಹುಡುಕುವುದು ಅದರ ಸಹಜ ಕ್ರಮ. 'ದೇವರು' ಎಂದು ಟೈಪ್ ಮಾಡಿ ಹುಡುಕಿದರೆ ದೇವರನ್ನು, ದೇವರಿಗೆ, ದೇವರಿಂದ, ದೇವರಲ್ಲಿ ಎಂದಿರುವ ವಚನಗಳೆಲ್ಲ ಬಿಟ್ಟುಹೋಗುತ್ತವೆ. ಪದದ ಭಾಗವನ್ನು ಹುಡುಕುವ ಆಯ್ಕೆಯನ್ನು ಆರಿಸಿ, ವಿಭಕ್ತಿ ಪ್ರತ್ಯಯ ಸೇರುವ ಮೊದಲಿನ 'ದೇವರ' ಎಂಬಷ್ಟನ್ನೇ ಕೊಟ್ಟರೆ ಎಲ್ಲವೂ ಸಿಗುತ್ತವೆ. ಆ ಆಯ್ಕೆ ಇಲ್ಲದ ತಂತ್ರಾಂಶ, ಬೆಲೆ ಎಷ್ಟೇ ಇರಲಿ, ಕನ್ನಡದ ಪದಸೂಚಿಯಾಗಿ ಕೆಲಸಕ್ಕೆ ಬಾರದು. ಹೊಸದೊಂದನ್ನು ನೋಡುವಾಗ ನಾನು ಮೊದಲು ಪರೀಕ್ಷಿಸುವುದು ಇದನ್ನೇ.

ಕನ್ನಡದ ಯಾವ ಪಾಠ ಯಾವ ತಂತ್ರಾಂಶದಲ್ಲಿ ಇದೆ ಎಂಬುದನ್ನು ತೀರ್ಮಾನಿಸುವುದೂ ಹಕ್ಕುಸ್ವಾಮ್ಯವೇ. ಸಭೆಗಳಲ್ಲಿ ನಾವು ಓದುವ ಸತ್ಯವೇದದ ಪಾಠ ಬೈಬಲ್ ಸೊಸೈಟಿ ಆಫ್ ಇಂಡಿಯಾದ್ದು. ಅವರ ಅನುಮತಿ ಪಡೆದ ಆ್ಯಪ್‌ಗಳಲ್ಲಿ ಮಾತ್ರ ಅದು ಇರಬಹುದು. ಬೇರೊಂದು ಸಂಸ್ಥೆಯಿಂದ 2019ರಲ್ಲಿ ಬಂದ ಐಆರ್‌ವಿ (ಇಂಡಿಯನ್ ರಿವೈಸ್ಡ್ ವರ್ಷನ್) ಎಂಬ ಪರಿಷ್ಕೃತ ಕನ್ನಡ ಪಾಠ ಮಾತ್ರ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾಗಿದೆ. ಮೂಲದ ಹೆಸರು ಹೇಳಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು, ತಮ್ಮ ಆ್ಯಪ್‌ಗೆ ಸೇರಿಸಿಕೊಳ್ಳಬಹುದು. ನೆಟ್‌ವರ್ಕ್ ಸರಿಯಾಗಿ ಸಿಗದ ಊರುಗಳಲ್ಲಿ ಸೇವೆ ಮಾಡುವವರಿಗೆ ಇದರ ಬೆಲೆ ಗೊತ್ತು: ಒಮ್ಮೆ ಇಳಿಸಿಕೊಂಡರೆ ಕಡಿಮೆ ದರದ ಫೋನಿನಲ್ಲೂ ಇಂಟರ್‌ನೆಟ್ ಇಲ್ಲದೆ ಕನ್ನಡ ಪಾಠ, ಇಂಗ್ಲಿಷ್ ಪಾಠ, ಸ್ಟ್ರಾಂಗ್ ನಿಘಂಟು ಮೂರೂ ಜೇಬಿನಲ್ಲಿರುತ್ತವೆ.

ಪಾವತಿಯ ಕಡೆಗೆ ಬಂದರೆ ಮುಖ್ಯವಾಗಿ ಮೂರು ಹೆಸರುಗಳು: 1992ರಿಂದ ಇರುವ ಲೋಗೋಸ್, 1994ರಲ್ಲಿ ಮ್ಯಾಕ್ ಕಂಪ್ಯೂಟರಿಗೆಂದು ಆರಂಭವಾದ ಅಕಾರ್ಡೆನ್ಸ್, ಮತ್ತು ಆಲಿವ್ ಟ್ರೀ. ಇವುಗಳ ಶಕ್ತಿ ಪುಸ್ತಕಗಳನ್ನು ಒಂದಕ್ಕೊಂದು ಹೆಣೆದಿರುವ ರೀತಿಯಲ್ಲಿದೆ. ಒಂದು ವಚನವನ್ನು ತೆರೆದರೆ ಅದನ್ನು ಕುರಿತು ನಿಮ್ಮ ಸಂಗ್ರಹದ ಎಲ್ಲ ವ್ಯಾಖ್ಯಾನಗಳೂ ಅದೇ ಪುಟಕ್ಕೆ ತಿರುಗುತ್ತವೆ. ಗ್ರೀಕ್ ಕ್ರಿಯಾಪದವೊಂದು ಆಜ್ಞಾರ್ಥದಲ್ಲಿ ಬಂದಿರುವ ಕಡೆಗಳನ್ನಷ್ಟೇ ಹುಡುಕುವಂಥ ವ್ಯಾಕರಣದ ಹುಡುಕಾಟ ಅಕಾರ್ಡೆನ್ಸ್‌ನಲ್ಲಿ ಬಹಳ ಚುರುಕು. ಆದರೆ ಲೋಗೋಸ್‌ನ ದೊಡ್ಡ ಕಟ್ಟುಗಳ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ನೂರಾರು ಪುಸ್ತಕ ಎಂದು ಎಣಿಸಿ ತೋರಿಸುವ ಕಟ್ಟಿನಲ್ಲಿ ಹಕ್ಕುಸ್ವಾಮ್ಯ ತೀರಿ ಬೇರೆಡೆ ಉಚಿತವಾಗಿ ಸಿಗುವ ಹಳೆಯ ಕೃತಿಗಳು ಎಷ್ಟೋ ಇರುತ್ತವೆ. ನಿಜಕ್ಕೂ ತೆರೆಯುವ ಪುಸ್ತಕಗಳು ಹತ್ತು ಹದಿನೈದಾದರೆ ಹೆಚ್ಚು. ಬೇಕಾದ ಒಂದೆರಡನ್ನು ಬಿಡಿಯಾಗಿ ಕೊಳ್ಳುವ ಅವಕಾಶ ಮೂರೂ ಕಡೆ ಇರುವಾಗ ಕಟ್ಟು ಕೊಳ್ಳುವುದು ನಮ್ಮಲ್ಲಿ ಬಹುಪಾಲು ಜನರಿಗೆ ವ್ಯರ್ಥ. ಬೆಲೆ ಡಾಲರಿನಲ್ಲಿರುವುದರಿಂದ ವಿನಿಮಯ ದರ, ಬ್ಯಾಂಕಿನ ಶುಲ್ಕ ಸೇರಿ ಇಲ್ಲಿನ ಸಂಬಳಕ್ಕೆ ಅದು ಇನ್ನಷ್ಟು ಭಾರ. ಲೋಗೋಸ್ ತಿಂಗಳಿಗೊಂದು ಪುಸ್ತಕವನ್ನು ಉಚಿತವಾಗಿ ಕೊಡುತ್ತದೆ. ಅದನ್ನು ಮರೆಯದೆ ತೆಗೆದುಕೊಳ್ಳುವವರ ಸಂಗ್ರಹ ನಿಧಾನವಾಗಿ, ಖರ್ಚಿಲ್ಲದೆ ಬೆಳೆಯುತ್ತದೆ.

2024ರಲ್ಲಿ ಲೋಗೋಸ್ ಚಂದಾ ಪದ್ಧತಿಗೆ ಒತ್ತು ಕೊಟ್ಟಿತು. ಬಿಡಿಯಾಗಿ ಕೊಂಡ ಪುಸ್ತಕಗಳು ಕೊಂಡವರಲ್ಲೇ ಉಳಿಯುತ್ತವೆ, ಆದರೆ ಚಂದಾದೊಂದಿಗೆ ಬರುವ ಸೌಲಭ್ಯಗಳಲ್ಲಿ ಹಲವು ಚಂದಾ ನಿಂತರೆ ನಿಲ್ಲಬಹುದು. ತಿಂಗಳ ಆದಾಯ ಸ್ಥಿರವಾಗಿರದ ಸ್ವತಂತ್ರ ಸಭೆಗಳ ಸೇವಕರು ಇದನ್ನು ಎರಡು ಸಲ ಯೋಚಿಸಬೇಕು. ಕೊಂಡದ್ದೂ ಶಾಶ್ವತವೆಂದು ನೆಚ್ಚಿ ಕೂರುವಂತಿಲ್ಲ. ಮೂಲಭಾಷೆಗಳ ವಿದ್ಯಾರ್ಥಿಗಳಲ್ಲಿ ಬಹಳ ಮೆಚ್ಚುಗೆ ಪಡೆದಿದ್ದ ಬೈಬಲ್‌ವರ್ಕ್ಸ್ 2018ರ ಜೂನ್‌ನಲ್ಲಿ ಬಾಗಿಲು ಹಾಕಿತು. ಕೊಂಡವರ ಪ್ರತಿಗಳು ಆ ಕಂಪ್ಯೂಟರುಗಳಲ್ಲಿ ಕೆಲಸ ಮಾಡುತ್ತಲೇ ಇದ್ದವು, ಆದರೆ ಮುಂದಿನ ಆವೃತ್ತಿ ಬರಲಿಲ್ಲ. ವರ್ಡ್‌ಸರ್ಚ್ ಎಂಬ ಇನ್ನೊಂದು ತಂತ್ರಾಂಶ 2020ರಲ್ಲಿ ಲೋಗೋಸ್‌ನವರ ಕೈಸೇರಿತು. ಉಚಿತ ತಂತ್ರಾಂಶಗಳಿಗೂ ಈ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಅವುಗಳಲ್ಲಿ ಕೆಲವು ಒಬ್ಬ ವ್ಯಕ್ತಿಯ ದುಡಿಮೆಯ ಮೇಲೆ ನಿಂತಿವೆ. ಈ ದೃಷ್ಟಿಯಿಂದ ನನಗೆ ಹೆಚ್ಚು ಭರವಸೆ ಇರುವುದು ಕ್ರಾಸ್‌ವೈರ್ ಬೈಬಲ್ ಸೊಸೈಟಿಯ ಸ್ವೋರ್ಡ್ ಯೋಜನೆಯಲ್ಲಿ. ಅದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ, ಆ್ಯಂಡ್‌ಬೈಬಲ್, ಝೈಫೋಸ್ ಮೊದಲಾದ ಹಲವು ತಂತ್ರಾಂಶಗಳು ಅದೇ ಪಾಠಗಳನ್ನು ಬಳಸುತ್ತವೆ, ಒಂದು ನಿಂತರೆ ಇನ್ನೊಂದರಲ್ಲಿ ಮುಂದುವರಿಯಬಹುದು. ಯಾವುದನ್ನೇ ಆರಿಸಿಕೊಂಡರೂ ನಿಮ್ಮ ಸ್ವಂತ ಟಿಪ್ಪಣಿಗಳನ್ನು, ಪ್ರಸಂಗದ ಬರಹಗಳನ್ನು ತಂತ್ರಾಂಶದೊಳಗೆ ಮಾತ್ರ ಇಡಬೇಡಿ. ಬೇರೆ ಕಡತದಲ್ಲಿ ಒಂದು ಪ್ರತಿ ಇರಲಿ.

ಒಂದು ವಿಷಯವನ್ನು ನೋವಿನಿಂದಲೇ ಬರೆಯಬೇಕಾಗಿದೆ. ಇ-ಸ್ವೋರ್ಡ್, ದಿ ವರ್ಡ್, ಮೈಸ್ವೋರ್ಡ್‌ಗಳಲ್ಲಿ ಬಳಕೆದಾರರೇ ಪುಸ್ತಕಗಳನ್ನು ಮಾಡ್ಯೂಲ್ ರೂಪಕ್ಕೆ, ಅಂದರೆ ತಂತ್ರಾಂಶ ತೆರೆಯಬಲ್ಲ ಕಡತದ ರೂಪಕ್ಕೆ, ತಂದು ಸೇರಿಸುವ ಸೌಲಭ್ಯವಿದೆ. ಅದು ಒಳ್ಳೆಯ ಸೌಲಭ್ಯ. ಆದರೆ ಅದೇ ದಾರಿಯಲ್ಲಿ ಮಾರಾಟದಲ್ಲಿರುವ ನಿಘಂಟುಗಳು, ವ್ಯಾಖ್ಯಾನಗಳು ಯಾರ ಅನುಮತಿಯೂ ಇಲ್ಲದೆ ಪೆನ್‌ಡ್ರೈವ್‌ಗಳಲ್ಲಿ, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ದಾಟುತ್ತಿವೆ, ಸೇವಕರ ಸಮ್ಮೇಳನಗಳಲ್ಲಿ ಉಡುಗೊರೆಯಂತೆ ಹಂಚುವುದೂ ಇದೆ. ದೇವರ ವಾಕ್ಯಕ್ಕೆ ಯಾರು ಬೆಲೆ ಕಟ್ಟಿಯಾರು ಎಂಬ ಸಮರ್ಥನೆಯೂ ಕೇಳಿಬರುತ್ತದೆ. ಹಂಚುತ್ತಿರುವುದು ದೇವರ ವಾಕ್ಯವನ್ನಲ್ಲ, ಒಬ್ಬ ವಿದ್ವಾಂಸನು ಹತ್ತಿಪ್ಪತ್ತು ವರ್ಷ ಕೂತು ಬರೆದ ವಿವರಣೆಯನ್ನು. 'ಕದಿಯಬಾರದು' ಎಂಬ ಆಜ್ಞೆಯನ್ನು ವಿವರಿಸಲು ಕದ್ದ ವ್ಯಾಖ್ಯಾನವನ್ನು ತೆರೆಯುವುದು ನಮ್ಮ ಸಾಕ್ಷಿಗೆ ಒಪ್ಪುವ ಮಾತಲ್ಲ. ಕೊಳ್ಳಲು ಶಕ್ತಿಯಿಲ್ಲದಿದ್ದರೆ ನ್ಯಾಯವಾಗಿ ಉಚಿತವಾಗಿರುವವೇ ಒಂದು ಆಯುಷ್ಯಕ್ಕೆ ಸಾಕಾಗುವಷ್ಟಿವೆ.

ಹಾಗಾದರೆ ಯಾರಿಗೆ ಯಾವುದು? ಸಂಡೇ ಸ್ಕೂಲಿನ ಶಿಕ್ಷಕರೂ ಮನೆಕೂಟದ ಮುಂದಾಳುಗಳೂ ಹಣ ಖರ್ಚು ಮಾಡುವ ಅಗತ್ಯವೇ ಇಲ್ಲ. ಅನುವಾದದ ಕೆಲಸದಲ್ಲಿರುವವರಿಗೆ ಯುನೈಟೆಡ್ ಬೈಬಲ್ ಸೊಸೈಟೀಸ್ ಮತ್ತು ಎಸ್‌ಐಎಲ್ ಎಂಬ ಭಾಷಾ ಸಂಸ್ಥೆ ಸೇರಿ ರೂಪಿಸಿರುವ ಪ್ಯಾರಾಟೆಕ್ಸ್ಟ್ ತಂತ್ರಾಂಶ ಇದೆ. ಆ ಕೆಲಸಕ್ಕೆ ಅದಕ್ಕಿಂತ ಉತ್ತಮವಾದದ್ದು ದುಡ್ಡು ಕೊಟ್ಟರೂ ಸಿಗದು, ನೋಂದಾಯಿತ ಅನುವಾದಕರಿಗೆ ಅದು ಉಚಿತ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲೋ ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲೋ ಬಿ.ಡಿ. (ದೈವಶಾಸ್ತ್ರದ ಪದವಿ) ಓದುತ್ತಿರುವವರು ಗ್ರಂಥಾಲಯ ಕೈಗೆಟಕುವ ದೂರದಲ್ಲಿರುವಷ್ಟು ದಿನ ಮುದ್ರಿತ ಸಂಪುಟಗಳನ್ನೇ ಬಳಸಲಿ. ಓದು ಮುಗಿಸಿ ಸಭೆಗೆ ನೇಮಕವಾಗಿ ದೂರದ ಊರಿಗೆ ಹೊರಟಾಗ ಅವರಿಗೆ ನಿಜವಾದ ಅಗತ್ಯ ಬೀಳುತ್ತದೆ. ಕಾಲೇಜಿನಲ್ಲಿ ಕಲಿತ ಗ್ರೀಕನ್ನು ಮರೆಯದಿರಬೇಕೆಂಬ ಆಸೆ ಇದ್ದರೆ ಆಗ ಬಿಡ್ಯಾಗ್ ಒಂದನ್ನು ಬಿಡಿಯಾಗಿ ಕೊಂಡು, ಉಳಿದದ್ದಕ್ಕೆ ಸ್ಟೆಪ್ ಮತ್ತು ಆ್ಯಂಡ್‌ಬೈಬಲ್ ಇಟ್ಟುಕೊಳ್ಳಲಿ. ಅಂಥವರಿಗೆ ಬೀಳ್ಕೊಡುಗೆಯಾಗಿ ಶಾಲು, ಹಾರಗಳ ಬದಲು ಈ ಒಂದು ನಿಘಂಟನ್ನು ಕೊಡಿಸುವ ಸಭೆ ತನಗೂ ಉಪಕಾರ ಮಾಡಿಕೊಂಡಂತೆ.

ಸ್ವಲ್ಪ ಹೆಚ್ಚು ಹಣ ಕೊಡಬಲ್ಲ ವಿಶ್ವಾಸಿಗಳಿಗೂ ಮಹಾಸಭೆಗಳಿಗೂ ನನ್ನ ಬಿನ್ನಹ ಬೇರೆಯೇ ಇದೆ. ಐಆರ್‌ವಿ ಕನ್ನಡ ಪಾಠ ತೆರೆದ ಪರವಾನಗಿಯಲ್ಲಿದೆ. ಟಿಂಡೇಲ್ ಹೌಸ್‌ನವರು ಸ್ಟೆಪ್‌ನ ಹೀಬ್ರೂ, ಗ್ರೀಕ್ ಪದಗಳ ದತ್ತಾಂಶವನ್ನೂ ತೆರೆದ ಪರವಾನಗಿಯಲ್ಲೇ ಬಿಡುಗಡೆ ಮಾಡಿದ್ದಾರೆ. ಎರಡನ್ನೂ ಕೂಡಿಸಿ ಕನ್ನಡದ ಪ್ರತಿ ಪದಕ್ಕೂ ಮೂಲಪದದ ಸಂಖ್ಯೆ ಜೋಡಿಸಲು ಕಾನೂನಿನ ಅಡ್ಡಿಯಿಲ್ಲ. ಬೇಕಾಗಿರುವುದು ಕನ್ನಡವನ್ನೂ ಮೂಲಭಾಷೆಗಳನ್ನೂ ಬಲ್ಲ ನಾಲ್ಕಾರು ಜನ, ಅವರಿಗೆ ಕೆಲವು ವರ್ಷಗಳ ಸಂಬಳ. ವರ್ಷವರ್ಷವೂ ಚಂದಾ ರೂಪದಲ್ಲಿ ಹೊರಗೆ ಹೋಗುವ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೆ, ಇಂಗ್ಲಿಷ್ ಬಾರದ ಸಭಾಪಾಲಕರೂ ಕನ್ನಡದ ಪದವನ್ನೇ ಒತ್ತಿ ರೂತಳ ಪುಸ್ತಕದ ಆ ಮೂರು ವಚನಗಳನ್ನು ಕಾಣಬಲ್ಲರು. ಈ ಕೆಲಸದಲ್ಲಿ ಆಸಕ್ತಿ ಇರುವ ಹೀಬ್ರೂ, ಗ್ರೀಕ್ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳೊಂದಿಗೆ ರೂತಳ ನಾಲ್ಕು ಅಧ್ಯಾಯಗಳಿಂದಲೇ ಆರಂಭಿಸಬಹುದು.